ಮಗುವನ್ನು ಎಣಿಸಿದವಳು

ಕಿಬ್ವೆಜಿ
20 ಅಕ್ಟೋಬರ್ 1996

ಪ್ರೀತಿಯ ಮುಂಬುವಾ,

ನಿನಗೂ ನಿನ್ನ ಯಜಮಾನರಿಗೂ ಮನೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬೈಕೊಂಡಿರ್ತೀಯ, ಬೈಕೋ. ಪುರುಸೊತ್ತಿರಲಿಲ್ಲ ಅಂದರೆ ನಂಬುವವಳಲ್ಲ ನೀನು. ಶಿಶುವಿಹಾರದ ಟೀಚರಿಗೆ ಮಧ್ಯಾಹ್ನದ ಮೇಲೆ ಎಷ್ಟು ಕೆಲಸ ಇರತ್ತೆ ಅನ್ನೋದು ನಿನಗೂ ಗೊತ್ತು. ಬರೆಯಲು ಮನಸ್ಸಿರಲಿಲ್ಲ, ಅಷ್ಟೆ.

ಮಳೆ ಇನ್ನೂ ಬಂದಿಲ್ಲ. ಶಾಲೆಗೆ ಕೊನೆಗೂ ತಗಡಿನ ಚಾವಣಿ ಹಾಕಿಸಿದರು. ಒಳಗೆ ಕೂತರೆ ಬೆಂದುಹೋಗ್ತೀವಿ, ಹಾಗಾಗಿ ಪಾಠವೆಲ್ಲ ಮೊದಲಿನ ಹಾಗೇ ಮಾವಿನ ಮರದ ಕೆಳಗೆ. ನನ್ನ ಮಂಡಿನೋವು ಅದರ ಪಾಡಿಗೆ ಅದಿದೆ.

ನಿನ್ನ ಕ್ಲಾಸಿನ ಹುಡುಗಿ ಮುತೇವು ವಿಷಯ ಊರವರ ಬಾಯಲ್ಲಿ ಕೇಳಿದೆ, ನಿಜ ಏನು ಬರೆ ಅಂದಿದ್ದೀಯ. ಬರೀತೀನಿ.

ಜುಲೈನಲ್ಲಿ ಹೊಸ ಇನ್ಸ್‌ಪೆಕ್ಟರ್ ಬಂದಿದ್ದ. ಪಟ್ಟಣದಲ್ಲಿ ಬೆಳೆದವನು, ಶೂಸಿಗೆ ಧೂಳು ಹತ್ತಿದರೆ ಮುಖ ಸಿಂಡರಿಸುವವನು. ಮಕ್ಕಳು ಜೋಳದ ಕಾಳು ಇಟ್ಟುಕೊಂಡು ಎಣಿಸುವುದನ್ನು ನೋಡಿ, "ಏನ್ ಟೀಚರ್, ಇನ್ನೂ ಕಾಳಲ್ಲೇ ಇದೀರಾ? ಸಂಖ್ಯೆ ಮನೆಯಿಂದ ಶುರುವಾಗ್ಬೇಕು. ಮಗು ಮನೆಯವರನ್ನ ಎಣಿಸ್ಲಿ. ಮುಂದಿನ ತಿಂಗಳು ಬಂದಾಗ ಒಬ್ಬೊಬ್ಬರೂ ಐದರವರೆಗೆ ಹೇಳ್ಬೇಕು" ಅಂದ. ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳು ಅಂತ ಯಾರಾದರೂ ಕೇಳಿದರೆ "ಇದಾರೆ, ಬಂದು ನೋಡಿ" ಅಂದುಬಿಡೋದು ರೂಢಿ. ಎಣಿಸಿದ ಮಗು ಕೈಗೆ ಉಳಿಯಲ್ಲ ಅಂತ ಹೇಳಿಯೇ ನಿನ್ನ ತಾಯಿ, ನನ್ನ ತಾಯಿ ನಮ್ಮನ್ನು ಬೆಳೆಸಿದರು. ಅವನಿಗೆ ಇದನ್ನು ಹೇಳಲು ನನಗೆ ನಾಚಿಕೆಯಾಯಿತು. ಟ್ರೈನಿಂಗ್ ಆದವಳು ನಾನು, ಮೂಢಳು ಅಂದುಕೊಳ್ಳುತ್ತಾನೆ ಅನ್ನಿಸಿತು.

ಒಂದು ಹಾಡು ಕಟ್ಟಿದೆ.

ಒಲೆಯ ಮುಂದೆ ಯಾರಮ್ಮ? ಅವ್ವ ಒಬ್ಬಳು.
ನೀರ ತರೋರು ಯಾರಮ್ಮ? ಅಕ್ಕ ಸೇರಿ ಇಬ್ಬರು.
ಬುಟ್ಟಿ ಹೆಣೆಯೋರು ಯಾರಮ್ಮ? ಅಜ್ಜಿ ಸೇರಿ ಮೂವರು.
ಹಾಡು ಹೇಳೋರು ಯಾರಮ್ಮ? ನಾನೂ ಸೇರಿ ನಾಲ್ವರು.

ಅಲ್ಲಿಗೇ ನಿಲ್ಲಿಸಿದೆ. ಕೈಗೂಸುಗಳನ್ನು ಸೇರಿಸಲಿಲ್ಲ, ಓಡಾಡುವಷ್ಟು ದೊಡ್ಡವರಿಗೆ ಲೆಕ್ಕ ಅಷ್ಟಾಗಿ ತಾಗಲ್ಲ ಅಂತ ನನ್ನ ಸಮಾಧಾನ. ಮಕ್ಕಳು ಎರಡೇ ದಿನಕ್ಕೆ ಕಲಿತವು. ಎಲ್ಲರಿಗಿಂತ ಚುರುಕು ಮುತೇವು. ಐದೂವರೆ ವರ್ಷ, ಮುಂದಿನ ಹಲ್ಲೆರಡೂ ಬಿದ್ದಿವೆ, ಬಾಯಿಗೆ ಮಾತ್ರ ಬಿಡುವಿಲ್ಲ. ಆಗಸ್ಟಿನಲ್ಲಿ ಒಂದು ಸಂಜೆ ಅವಳು ಅಜ್ಜಿ ಹತ್ತಿರ ಓಡಿಹೋಗಿ, "ಅಜ್ಜೀ, ನಮ್ಮನೇಲಿ ಐದು ಜನ. ಮೂಲೀನೂ ಎಣಿಸ್ದೆ" ಅಂದಳಂತೆ. ಮೂಲಿ ಅವಳ ತಮ್ಮ, ಏಳು ತಿಂಗಳ ಕೂಸು. ಅಜ್ಜಿಯ ಕೈಯಲ್ಲಿದ್ದ ಬುಟ್ಟಿ ಕೆಳಗೆ ಬಿತ್ತಂತೆ. ಹನ್ನೊಂದನೇ ದಿನಕ್ಕೆ ಕೂಸು ದಡಾರದಿಂದ ಹೋಯಿತು.

ಆ ತಿಂಗಳು ದಡಾರ ಇಡೀ ಊರಲ್ಲಿತ್ತು, ಎಣಿಸದ ಮಕ್ಕಳೂ ಹೋದವು. ನರ್ಸಮ್ಮ ಮನೆಮನೆಗೆ ಹೋಗಿ ಹೇಳಿದಳು. ಯಾರು ಕೇಳ್ತಾರೆ? ಮುತೇವು ಬಂದರೆ ಹೆಂಗಸರು ಕೂಸುಗಳಿಗೆ ಸೆರಗು ಮುಚ್ಚುತ್ತಿದ್ದರು. ಮಕ್ಕಳು "ಎಣಿಸ್ದೋಳು ಬಂದ್ಲು" ಅಂತ ಜರುಗಿ ಕೂರುತ್ತಿದ್ದವು. ಅವಳ ಬಾಯಿ ಕಟ್ಟಿಹೋಯಿತು. ಹಾಡಿಲ್ಲ, ಕತೆಯಿಲ್ಲ, ನೀರು ಬೇಕು ಅನ್ನುವುದಕ್ಕೂ ಮಾತಿಲ್ಲ. ಜನವರಿಗೆ ಅವಳು ಒಂದನೇ ಕ್ಲಾಸಿಗೆ ಹೋಗಬೇಕು. ಹೆಡ್‌ಮಾಸ್ಟರು ಹತ್ತರವರೆಗೆ ಎಣಿಸಿದವರನ್ನೇ ಸೇರಿಸಿಕೊಳ್ಳುವುದು. ಕಾಳು ಕೊಟ್ಟು ನೋಡಿದೆ, ಕಲ್ಲು ಕೊಟ್ಟು ನೋಡಿದೆ. ಮುಷ್ಟಿ ಕಟ್ಟಿಕೊಂಡು ಕೂರುತ್ತಾಳೆ. ಊರವರು ನನ್ನನ್ನೂ ಬಿಡಲಿಲ್ಲ. ಹಾಡಲ್ಲಿ ಕೂಸಿರಲಿಲ್ಲ, ಐದನೆಯದು ಅವಳೇ ಸೇರಿಸಿದ್ದು ಅಂತ ಎಲ್ಲರಿಗೂ ಹೇಳಿದೆ. ಹಾಡು ಕೇಳಿದವರೇ ಎಲ್ಲ, ಒಪ್ಪಿಕೊಂಡರು.

ಹೋದ ಮಂಗಳವಾರ ಅವಳ ಅಜ್ಜಿ ಕಲೋಂಡು ಶಾಲೆಗೆ ಬಂದಳು. ಜಗಳಕ್ಕೆ ಬಂದಳು ಅಂತ ನಾನು ಎದ್ದು ನಿಂತೆ. "ಕೂತ್ಕೋ ಟೀಚರಮ್ಮ, ನಿನ್ ಮಂಡಿ ನಂಗೆ ಗೊತ್ತು" ಅಂದಳು. ಮಕ್ಕಳ ಮಧ್ಯೆ ಕೂತು, ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು, ಎಲ್ಲರ ಎದುರೇ ಕೇಳಿದಳು. "ನೋಡು ಪುಟ್ಟಿ, ಬೈಯಲ್ಲ. ಅವತ್ತು ತಮ್ಮನ್ನ ಎಣಿಸು ಅಂತ ಯಾರು ಹೇಳಿದ್ರು?"

ಮುತೇವು ತಲೆ ಎತ್ತಿ ಸುತ್ತ ನೋಡಿದಳು. ಆಮೇಲೆ "ನಾನೇ" ಅಂದಳು. ಎರಡು ತಿಂಗಳಿಗೆ ಅವಳು ಆಡಿದ ಮೊದಲ ಮಾತು ಅದು.

"ಆಯ್ತು ಬಿಡು. ಚಿಕ್ಕೋಳು ನೀನು, ನಿನ್ ಬೆರಳಿಗೆ ಅಷ್ಟು ಶಕ್ತಿ ಇಲ್ಲ" ಅಂದಳು ಮುದುಕಿ. ಎಲ್ಲರಿಗೂ ಕಾಲು ಚಾಚಿ ಅಂತ ಹೇಳಿ, ಸಾಲಾಗಿ ಒಂದೊಂದೇ ಕಾಲು ತಟ್ಟುತ್ತ ಹಾಡತೊಡಗಿದಳು. ಕಾಲೇ ಕಾಲೇ ಎಲ್ಲಿಗೆ ಹೋದೆ, ಹೊಳೆಗೆ ಹೋದೆ, ಆಮೆಯ ಕಂಡೆ, ಮಡಚಿಕೊಂಡೆ. ಹಾಡು ಯಾವ ಕಾಲ ಮೇಲೆ ಮುಗಿಯತ್ತೋ ಆ ಕಾಲು ಮಡಚಬೇಕು, ಕೊನೆಗೆ ಮಡಚದ ಕಾಲುಗಳು ಎಷ್ಟು ಉಳಿದವು ಅಂತ ಎಣಿಸಬೇಕು. ನಾವೂ ಹೀಗೆಯೇ ಕಲಿತದ್ದಲ್ಲವೇ?

ನಾನು ಸುಮ್ಮನಿರದೆ, "ಅಜ್ಜಿ, ಕಾಲು ಜನರದ್ದೇ ಅಲ್ವಾ?" ಅಂದೆ.

"ಕಾಲು ಒಂದ್ ಕಡೆ ನಿಲ್ಲತ್ತಾ? ಲೆಕ್ಕ ಹಿಡಿಯೋಷ್ಟ್ರಲ್ಲಿ ಎದ್ದು ಹೋಗಿರತ್ತೆ. ಇಷ್ಟು ಓದಿದೀಯ, ಇಷ್ಟೂ ಗೊತ್ತಿಲ್ವಾ?" ಅಂದಳು. ಮಕ್ಕಳು ನಕ್ಕವು. ನಾಲ್ಕನೇ ಸುತ್ತಿಗೆ ಮುತೇವು ಕೈ ಚಾಚಿ ಪಕ್ಕದವಳ ಕಾಲು ತಟ್ಟಿದಳು, ಪಕ್ಕದವಳು ಜರುಗಲಿಲ್ಲ. ಶುಕ್ರವಾರದ ಹೊತ್ತಿಗೆ ಸಣ್ಣ ದನಿಯಲ್ಲಿ ಹತ್ತರವರೆಗೆ ಬಂದಳು. ಜನವರಿಗೆ ಸೇರುತ್ತಾಳೆ, ನನಗೆ ಭರವಸೆಯಿದೆ. ಊರವರು ಈಗ ಎಲ್ಲ ಸರಿಹೋಯಿತು ಅನ್ನುತ್ತಿದ್ದಾರೆ, ಕಲೋಂಡು ನನಗೆ ಒಂದು ಬುಟ್ಟಿ ಹೆಣೆದು ಕಳಿಸಿದ್ದಾಳೆ.

ನಿನ್ನ ಮಕ್ಕಳು, ಎಷ್ಟು ಅಂತ ಬರೆಯಲಾರೆ, ಎಲ್ಲರೂ ತಣ್ಣಗಿರಲಿ. ದೊಡ್ಡವಳ ಪರೀಕ್ಷೆ ಚೆನ್ನಾಗಿ ಆಗಲಿ. ದೇವರು ನಿನ್ನ ಮನೆಯನ್ನು ಕಾಯಲಿ.

ನಿನ್ನ,
ಕಟುಂಗೆ

ಇನ್ನೊಂದು ಮಾತು. ಇದನ್ನು ಓದಿ ಹರಿದುಬಿಡು. ಇನ್ಸ್‌ಪೆಕ್ಟರ್ ಎರಡನೇ ಸಲ ಬರುವ ಹಿಂದಿನ ದಿನ, ಆಗಸ್ಟಿನ ಅದೇ ಸಂಜೆ, ನಾನು ಮುತೇವು ಮನೆಗೆ ಹೋಗಿದ್ದೆ. ಮನೆಯಲ್ಲಿ ಅವಳೂ ಕೂಸೂ ಇಬ್ಬರೇ, ದೊಡ್ಡವರೆಲ್ಲ ನೀರಿಗೆ ಹೋಗಿದ್ದರು. ನಾಲ್ಕರವರೆಗೆ ಹಾಡಿ ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಲು ಒಬ್ಬಳಾದರೂ ಐದು ಹೇಳುವವಳು ನನಗೆ ಬೇಕಿತ್ತು. ಅವಳು "ಬೇಡ ಟೀಚರ್, ಅಜ್ಜಿ ಬೈತಾಳೆ" ಅಂದಳು. ನಾನೇ ಅವಳ ಬೆರಳು ಹಿಡಿದು ಮೂಲಿಯ ತಲೆ ಮೇಲಿಟ್ಟು, "ಐದು, ಹೇಳು" ಅಂದೆ. ಮಂಗಳವಾರ ಅಜ್ಜಿ ಕೇಳಿದಾಗ ಆ ಮಗು ಮೊದಲು ನನ್ನ ಮುಖ ನೋಡಿತು ಮುಂಬುವಾ. ನಾನು ಸೀಮೆಸುಣ್ಣ ಹುಡುಕುವವಳ ಹಾಗೆ ಬಗ್ಗಿಬಿಟ್ಟೆ. ಅದಾದ ಮೇಲೆಯೇ ಅವಳು "ನಾನೇ" ಅಂದದ್ದು.