ಷರತ್ತಿಗೆ ಒಳಪಟ್ಟ ಮನೆ

6-3-1961, ಸೋಮವಾರ. ಸಂಜೆ 6

ಏಳನೇ ಕ್ಲಾಸಿನ ಪೇಪರುಗಳು ಇನ್ನೂ ನಲವತ್ತು ಉಳಿದಿವೆ. ಮುಟ್ಟಲಿಲ್ಲ. ಸ್ಕೂಲು ಬಿಟ್ಟವಳು ನೆಟ್ಟಗೆ ಪೇಟೆ ಬೀದಿಗೆ ಹೋಗಿ ಮನೆ ನೋಡಿಕೊಂಡು ಬಂದೆ. ಐದನೇ ಸಲ. ನಡುಮನೆ, ಅಡುಗೆಮನೆ, ಹಿತ್ತಲಲ್ಲಿ ಸಿಹಿನೀರ ಬಾವಿ, ಬಾವಿಯ ಪಕ್ಕ ಸೌದೆ ತುಂಬಿದ ಒಂದು ಕೋಣೆ. ಪಕ್ಕದವರು ರೇಷ್ಮೆ ನೂಲು ತೆಗೆಯುತ್ತಾರೆ, ಗೂಡು ಬೇಯಿಸುವ ವಾಸನೆ ಗೋಡೆ ದಾಟಿ ಬರುತ್ತದೆ. ಶಿಡ್ಲಘಟ್ಟದಲ್ಲಿ ಆ ವಾಸನೆ ಇಲ್ಲದ ಮನೆ ಎಲ್ಲಿದೆ?

ಮಾರುವವರು ಚಿಕ್ಕವೆಂಕಟಪ್ಪನವರು. ಮುನಿಸಿಪಲ್ ಕೌನ್ಸಿಲರು. ಸ್ಟೇಷನ್ ಹತ್ತಿರ ಹೊಸ ಮನೆ ಕಟ್ಟಿಸಿ ಹೋಗಿದ್ದಾರೆ, ಇದು ಎರಡು ವರ್ಷದಿಂದ ಬೀಗ.

ಅಮ್ಮನದು ಅದೇ ರಾಗ – "ಹೆಂಗಸಿನ ಹೆಸರಲ್ಲಿ ಮನೆ ಯಾಕೆ ಕಣೇ? ನಿಮ್ಮಣ್ಣನ ಹೆಸರಿಗೆ ಮಾಡ್ಸು." ಅಪ್ಪನ ಜಮೀನು ಅಣ್ಣನಿಗೆ ಹೋಯಿತು, ನಾನೇನೂ ಅನ್ನಲಿಲ್ಲ. ಇದು ಹದಿನಾಲ್ಕು ವರ್ಷ ಪಾಠ ಹೇಳಿದ ದುಡ್ಡು. ನನ್ನ ಹೆಸರಿಗೇ.

ಈ ಬಾಡಿಗೆ ಮನೆ ಮೇ ಮುಗಿಯುವುದರೊಳಗೆ ಬಿಡಬೇಕು. ಯಜಮಾನರ ಮಗನಿಗೆ ಮದುವೆ ಗೊತ್ತಾಗಿದೆ.

9-3-61, ಗುರುವಾರ

ಎನ್‌ಕಂಬರೆನ್ಸ್ ಸರ್ಟಿಫಿಕೇಟ್ ಬಂತು. ಮನೆಯ ಮೇಲೆ ಸಾಲ, ಭೋಗ್ಯ, ಬೇರೆಯವರ ಹಕ್ಕು ಏನಾದರೂ ಇದೆಯೇ ಎಂದು ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ಹುಡುಕಿ ಕೊಡುವ ಕಾಗದ. ಇಪ್ಪತ್ತನಾಲ್ಕು ವರ್ಷಕ್ಕೆ ಒಂದೇ ಒಂದು ನಮೂದು – 1943ರಲ್ಲಿ ಚಿಕ್ಕವೆಂಕಟಪ್ಪನವರಿಗೆ ಅವರ ತಂದೆ ಬರೆದುಕೊಟ್ಟ ದಾನಪತ್ರ. ಉಳಿದದ್ದು ಖಾಲಿ.

ಪತ್ರ ಬರೆಯುವ ಪಿಳ್ಳಪ್ಪನವರು ಕಛೇರಿ ಜಗುಲಿಯಲ್ಲೇ ಕೈಮುಗಿದರು. "ಕನ್ನಡಿ ಇದ್ದಂಗೈತೆ ಟೀಚರಮ್ಮ. ಕ್ರಯಪತ್ರ ಬರ್ದುಬಿಡ್ಲಾ?"

ಬರೆಯಿರಿ ಎನ್ನುವವಳಿದ್ದೆ. ದಾನಪತ್ರ ಒಂದು ಸಲ ಪೂರ್ತಿ ಓದುತ್ತೇನೆ ಎಂದು ಮನೆಗೆ ತಂದೆ. ಓದುತ್ತಾ ಮೂರನೇ ಪುಟದಲ್ಲಿ ನಿಂತೆ. "ಸನ್ 1934ನೇ ಇಸವಿ ವಿಭಾಗಪತ್ರದ ಷರತ್ತುಗಳಿಗೆ ಒಳಪಟ್ಟು…"

ಯಾವ ಷರತ್ತು?

14-3-61, ಮಂಗಳವಾರ

ಮಧ್ಯಾಹ್ನ ಅರ್ಧ ದಿನ ರಜಾ. ಕಛೇರಿಯಲ್ಲಿ ಮೂವತ್ತನಾಲ್ಕರ ಸಂಪುಟ ತೆಗೆಸಿದೆವು. ಪಿಳ್ಳಪ್ಪನವರಿಗೆ ಇಷ್ಟವಿರಲಿಲ್ಲ – "ಅಷ್ಟು ಹಿಂದಕ್ಕೆ ಯಾರೂ ಹೋಗಲ್ಲಮ್ಮ." ಆದರೂ ಹೆಸರಿನ ಪಟ್ಟಿ ನೋಡಿ ಪುಟ ಹುಡುಕಿಕೊಟ್ಟವರು ಅವರೇ.

ಚಿಕ್ಕವೆಂಕಟಪ್ಪನವರ ತಾತ ಮುನಿವೆಂಕಟಪ್ಪ ಇಬ್ಬರು ಗಂಡುಮಕ್ಕಳಿಗೂ ಪಾಲು ಮಾಡಿದ ಪತ್ರ. ಕಿರಿಯ ಮಗ ಆಗಲೇ ತೀರಿಹೋಗಿದ್ದ. ಅವನ ಹೆಂಡತಿಯ ವಿಷಯ ಕೊನೆಗೆ ಐದು ಸಾಲು. ಅಲ್ಲೇ ಕೂತು ನಕಲು ಮಾಡಿಕೊಂಡೆ:

"ನನ್ನ ಕಿರಿಯ ಸೊಸೆ, ಹದಿನಾರು ವರ್ಷ ವಯಸ್ಸಿನ ಓಬಳಮ್ಮಳು ಹಿತ್ತಲ ಬಾವಿಯ ಪಕ್ಕದ ಕೋಣೆಯಲ್ಲಿ ತನ್ನ ಜೀವವಿರುವವರೆಗೆ ವಾಸ ಮಾಡತಕ್ಕದ್ದು. ಬಾವಿಯ ನೀರು, ಹಿತ್ತಲ ದಾರಿ ಆಕೆಗೆ ಸೇರಿದ್ದು. ಮನೆ ಯಾರ ಕೈಗೆ ಹೋದರೂ ಈ ಹಕ್ಕನ್ನು ಯಾರೂ ತಪ್ಪಿಸಕೂಡದು."

ಸೌದೆ ತುಂಬಿದ ಕೋಣೆ.

ಪಿಳ್ಳಪ್ಪನವರು ಮೆಲ್ಲಗೆ, "ಆಯಮ್ಮ ಬದುಕಿದ್ರೆ ಮನೆ ಜೊತೆ ಆಯಮ್ಮನೂ ಬರ್ತಾರೆ. ಇಲ್ದಿದ್ರೆ ತೊಂದ್ರೆ ಇಲ್ಲ" ಎಂದರು. ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಟ್ಟು ಬಂದೆ.

15-3-61

ಚಿಕ್ಕವೆಂಕಟಪ್ಪನವರ ಮನೆಗೆ ಹೋಗಿ ಕೇಳಿದೆ. ನಕ್ಕರು.

"ನಮ್ಮ ಚಿಕ್ಕಮ್ಮನಾ? ತೀರ್ಕೊಂಡು ಹತ್ತು ವರ್ಷ ಆಯ್ತು ಟೀಚರಮ್ಮ. ಪಾಪ."

"ಎಲ್ಲಿ?"

"ತೌರುಮನೇಲಿ. ಮಂಚೇನಹಳ್ಳಿ."

"ಮರಣದ ದಾಖಲೆ ಒಂದು ಸಿಕ್ಕಿದರೆ…"

ನಗು ನಿಂತಿತು. "ಚಿಂತಾಮಣಿ ಸಾಹುಕಾರರೊಬ್ರು ಮನೆ ಕೇಳ್ತಾವ್ರೆ. ನಿಮಗೆ ಮಾತು ಕೊಟ್ಟಿದೀನಿ ಅಂತ ಸುಮ್ನಿದೀನಿ. ಹಬ್ಬ ಕಳೀಲಿ, ತರಿಸ್ತೀನಿ."

20-3-61, ಸೋಮವಾರ

ಹಬ್ಬ ಕಳೆಯಿತು. ದಾಖಲೆ ಬಂತು. ಅಸಲಿಯೇ, ಮೊಹರು ಸರಿಯಾಗಿದೆ. ಓಬಳಮ್ಮ, ಹೆಣ್ಣು, ಮರಣ 1951, ಜ್ವರ. ವಯಸ್ಸು ಅರವತ್ತು. ಗಂಡನ ಹೆಸರಿನ ಜಾಗ ಖಾಲಿ.

ಪೇಪರ್ ತಿದ್ದುವ ಕೆಂಪು ಪೆನ್ಸಿಲ್ ಕೈಯಲ್ಲಿತ್ತು. ಮೂವತ್ತನಾಲ್ಕರಲ್ಲಿ ಹದಿನಾರು. ಐವತ್ತೊಂದರಲ್ಲಿ ಮೂವತ್ಮೂರು ಆಗಬೇಕು. ಅರವತ್ತು ಹೇಗೆ?

ಇದು ಬೇರೆ ಯಾರೋ ಓಬಳಮ್ಮ.

ಅಮ್ಮನಿಗೆ ತೋರಿಸಿದೆ. "ನಿಂಗ್ಯಾಕೆ ಆ ಲೆಕ್ಕ? ಸರ್ಕಾರದ ಮೊಹರು ಐತಲ್ಲ. ನಾಳೆ ಬೀದಿಗೆ ಬಿದ್ರೆ ಆ ಓಬಳಮ್ಮ ಬಂದು ಜಾಗ ಕೊಡ್ತಾಳಾ?" – ದಾಖಲೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿದೆ.

26-3-61, ಭಾನುವಾರ. ರಾತ್ರಿ

ಮಂಚೇನಹಳ್ಳಿಗೆ ಹೋಗಿ ಬಂದೆ. ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಚಿಕ್ಕಬಳ್ಳಾಪುರದಲ್ಲಿ ಟೀಚರ್ಸ್ ಮೀಟಿಂಗ್ ಎಂದೆ. ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರು ಬಸ್ಸು ಹತ್ತಿದೆ. ಬೆಟ್ಟದ ಸಾಲು ಕಿಟಕಿಯಲ್ಲಿ ಹಾದುಹೋಗುತ್ತಿತ್ತು, ಏನೂ ನೋಡಲಿಲ್ಲ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಒಬ್ಬ ಹೆಂಗಸು ಸತ್ತಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಅಂಗಡಿಯಲ್ಲಿ ವಿಚಾರಿಸಿದೆ. ಶಿಡ್ಲಘಟ್ಟಕ್ಕೆ ಕೊಟ್ಟಿದ್ದ ಓಬಳಮ್ಮನಾ? ಬಯ್ಯಪ್ಪನ ತಂಗಿ, ಅಕೋ ಆ ಮನೆ ಎಂದರು. ಅಷ್ಟು ಸುಲಭ. ಅಂಗಳದಲ್ಲಿ ಒಬ್ಬರು ರಾಗಿ ಬೀಸುತ್ತಿದ್ದರು. ಎತ್ತರದ ಆಳು, ನೆರೆಯದ ಕೂದಲು, ಬಲಗೈ ತೋರುಬೆರಳು ಮೊಂಡು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋದದ್ದಂತೆ. ಕೊಟ್ಟಿಗೆಯ ಜಗುಲಿಯಲ್ಲಿ ಸುತ್ತಿಟ್ಟ ಹಾಸಿಗೆ. ಮಲಗುವುದು ಅಲ್ಲೇ ಎಂದು ಕೇಳದೆಯೇ ತಿಳಿಯಿತು.

"ಎವರಮ್ಮಾ? ಏಂ ಕಾವಾಲ?" – ಯಾರು, ಏನು ಬೇಕು ಎಂದು ತೆಲುಗಿನಲ್ಲಿ ಕೇಳಿದರು. ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದರು. ಹೇಳಿದೆ. ಮನೆ ಕೊಳ್ಳುವವಳು ನಾನೇ ಎಂಬುದನ್ನೂ ಮುಚ್ಚಿಡಲಿಲ್ಲ. ದಾಖಲೆ ತೋರಿಸಿದೆ.

"ನಾನು ಸತ್ತೋಗಿದೀನಾ?" ಬೀಸುಕಲ್ಲು ನಿಲ್ಲಿಸಿದರು. "ಯಾವಾಗ?"

"ಹತ್ತು ವರ್ಷ ಆಯಿತಂತೆ."

ನಗಲು ಹೋಗಿ ನಗು ಬರಲಿಲ್ಲ. "ಗಂಡ ತೀರ್ಕೊಂಡ ವರ್ಷ ಗೌರಿ ಹಬ್ಬಕ್ಕೆ ಅಂತ ಕಳ್ಸಿದ್ರು. ಮಾವ ಇರೋವರ್ಗೂ ಕರೆಸ್ಕೊಂಡ್ರು. ಮಾವ ಹೋದ್ಮೇಲೆ ಯಾರೂ ಬರ್ಲಿಲ್ಲ. ನಾನೇ ಹೋದ್ರೆ, ನಿಂಗೆ ಇಲ್ಲೇನೈತೆ ಅಂದ್ರು. ಏನೂ ಇಲ್ಲ ಅಂತ್ಲೇ ನಾನೂ ಅಂದ್ಕೊಂಡಿದ್ದೆ."

ಪತ್ರದ ಐದು ಸಾಲು ಓದಿದೆ. ಇನ್ನೊಂದು ಸಲ ಎಂದರು. ಓದಿದೆ.

"ಬಾವಿ ಅಂತಾನೂ ಬರ್ಸವ್ರಾ?"

"ಬರೆಸಿದ್ದಾರೆ. ನೀರು, ದಾರಿ, ಎರಡೂ."

ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನಾನು ಕೇಳಬಾರದ್ದನ್ನು ಕೇಳಿದೆ – ಆ ಹಕ್ಕು ಬಿಟ್ಟುಕೊಡುತ್ತೀರಾ ಎಂದು.

"ಯೋಚ್ನೆ ಮಾಡ್ಬೇಕಮ್ಮಾ. ಬಿಡೋಕೆ ಅಂತ ನಂಗೆ ಇದುವರ್ಗೂ ಏನೂ ಇರ್ಲಿಲ್ಲ."

ಊಟ ಮಾಡದೆ ಕಳಿಸಲಿಲ್ಲ. ಮುದ್ದೆ, ಹುರುಳಿ ಸಾರು. ನನ್ನ ಎಲೆಗೆ ತುಪ್ಪ ಹಾಕುವ ಮೊದಲು, ಒಲೆಯ ಬಳಿ ಕೂತಿದ್ದ ತಮ್ಮ ಅತ್ತಿಗೆಯ ಮುಖ ನೋಡಿದರು.

5-4-61, ಬುಧವಾರ

ಹತ್ತು ದಿನ ಏನೂ ಬರೆಯಲಿಲ್ಲ. ಏನು ಬರೆಯುವುದು? ದಿನಾ ಬೆಳಗ್ಗೆ ಬೇಡ ಎನ್ನುತ್ತೇನೆ, ಸಂಜೆ ಆ ಬೀದಿಯಲ್ಲೇ ಬರುತ್ತೇನೆ.

ಇವತ್ತು ಚಿಕ್ಕವೆಂಕಟಪ್ಪನವರು ಸ್ಕೂಲ್ ಗೇಟಿನ ಹತ್ತಿರವೇ ಬಂದರು. ವಯಸ್ಸು ತಾಳೆಯಾಗುವುದಿಲ್ಲ ಎಂದು ದಾಖಲೆಯನ್ನು ವಾಪಸು ಕಳಿಸಿದ್ದೆ, ಅಷ್ಟೆ. ಮಂಚೇನಹಳ್ಳಿಗೆ ಹೋಗಿದ್ದು ಅವರಿಗೆ ಗೊತ್ತಿಲ್ಲ.

"ನಂಗೇ ತಪ್ಪು ಸುದ್ದಿ ಬಂದಿತ್ತು ಟೀಚರಮ್ಮ. ಚಿಕ್ಕಮ್ಮ ಬದುಕವ್ರಂತೆ! ಹೋಗಿ ಮಾತಾಡ್ದೆ. ಕೋಣೆ ಬ್ಯಾಡ ಅಂದ್ರು. ಅವರೇ ಬಂದು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಾರೆ. ಸೋಮವಾರ ಎರಡೂ ಒಟ್ಟಿಗೆ ರಿಜಿಸ್ಟ್ರಿ. ಸರೀನಾ?"

ಸರಿ ಎಂದೆ. ಸಂತೋಷವಾಗಬೇಕಿತ್ತು. ಅವರೇ ಯೋಚಿಸಿ ಒಪ್ಪಿರಬಹುದು. ಒಪ್ಪಬಾರದೆಂದೇನಿದೆ?

10-4-61, ಸೋಮವಾರ. ಸಂಜೆ 5

ಇವತ್ತೇ ಬರೆದಿಡಬೇಕು.

ಹನ್ನೊಂದಕ್ಕೆ ಕಛೇರಿ. ಕ್ರಯಪತ್ರ, ಬಿಡುಗಡೆ ಪತ್ರ ಎರಡೂ ತಯಾರು. ಚಿಕ್ಕವೆಂಕಟಪ್ಪನವರು ಜರತಾರಿ ಅಂಚಿನ ಪಂಚೆ ಉಟ್ಟಿದ್ದರು. ಬೆಂಚಿನ ಮೇಲೆ ಹೊಸ ಸೀರೆಯ ಹೆಂಗಸೊಬ್ಬರು, ಸೆರಗು ಮುಖದವರೆಗೆ. ಹತ್ತಿರ ಹೋಗಿ "ಬಂದಿರಾ" ಎಂದೆ. ತಲೆ ಎತ್ತಲಿಲ್ಲ. ಮೈಕಟ್ಟು ಕುಳ್ಳು. ಮಂಚೇನಹಳ್ಳಿಯಲ್ಲಿ ಕಂಡವರು ಎತ್ತರ.

ಒಳಗೆ ಕರೆದರು. ಸಬ್ ರಿಜಿಸ್ಟ್ರಾರರು ಬಿಡುಗಡೆ ಪತ್ರ ಓದಿ, "ನಿಮ್ಮ ಹೆಸರೇನಮ್ಮ?" ಎಂದರು.

"ಓಬಳಮ್ಮ."

ಸಾಕ್ಷಿಗಳಿಬ್ಬರೂ ಹೌದು, ಇವರೇ ಎಂದರು. ಮಸಿಯ ಪ್ಯಾಡು ಮುಂದೆ ಬಂತು. ಆಕೆ ಕೈ ಚಾಚಿದಳು. ಐದು ಬೆರಳು. ತೋರುಬೆರಳು ಪೂರ್ತಿ.

ಪಿಳ್ಳಪ್ಪನವರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಆ ಹೆಬ್ಬೆಟ್ಟು ಕಾಗದಕ್ಕೆ ತಾಗಿದರೆ ಮನೆ ನನ್ನದು. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ನಾನು ಮಂಚೇನಹಳ್ಳಿಗೆ ಹೋಗಿಯೇ ಇಲ್ಲ ಎಂದರೆ ಮುಗಿಯಿತು.

"ಸ್ವಾಮಿ, ಇವರು ಓಬಳಮ್ಮ ಅಲ್ಲ."

ಹೇಳಿದ್ದು ನಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

"ನಿಮಗೇನ್ರೀ ಗೊತ್ತು?" ಚಿಕ್ಕವೆಂಕಟಪ್ಪನವರು ಎದ್ದೇ ನಿಂತರು.

"ಅವರ ಮನೆಗೆ ಹೋಗಿದ್ದೆ. ಅವರ ಕೈಯ ಊಟ ಮಾಡಿದ್ದೀನಿ. ಅವರ ಬಲಗೈ ತೋರುಬೆರಳು ಅರ್ಧ ಇಲ್ಲ."

ಸಬ್ ರಿಜಿಸ್ಟ್ರಾರರು ಮಸಿಯ ಪ್ಯಾಡನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಿಮ್ಮ ಮಾವನ ಹೆಸರು ಹೇಳಮ್ಮ."

ಆಕೆ ಸಾಕ್ಷಿಗಳ ಮುಖ ನೋಡಿದಳು. ಅವರು ಗೋಡೆ ನೋಡಿದರು. ಅಳು ಬಂತು ಆಕೆಗೆ. "ನಂಗೇನೂ ಗೊತ್ತಿಲ್ಲ ಸ್ವಾಮಿ. ಸೀರೆ ಕೊಡುಸ್ತೀವಿ, ಒಂದು ಹೆಬ್ಬೆಟ್ಟು ಒತ್ತಿ ಬಾ ಅಂದ್ರು. ನನ್ನೆಸ್ರು ಮಂಗಮ್ಮ."

ಪತ್ರಗಳು ವಾಪಸು. ಪೊಲೀಸಿಗೆ ಬರೆಯುತ್ತೇನೆ ಎಂದು ಸಬ್ ರಿಜಿಸ್ಟ್ರಾರರು ಗದರಿದ್ದು ಜಗುಲಿಯವರೆಗೂ ಕೇಳಿತಂತೆ. ಚಿಕ್ಕವೆಂಕಟಪ್ಪನವರು ನನ್ನನ್ನು ದಾಟಿ ಹೋಗುವಾಗ ನಿಂತರು. ದನಿ ಏರಿಸಲಿಲ್ಲ. "ಈ ಊರಲ್ಲಿ ನೀವು ಹೆಂಗಿರ್ತೀರೋ ನೋಡ್ತೀನಿ."

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು, ಬೀಗದ ಕೈ ತರುತ್ತೇನೆಂದು.

16-4-61, ಭಾನುವಾರ

ಮತ್ತೆ ಮಂಚೇನಹಳ್ಳಿ. ಈ ಸಲ ಅಮ್ಮನಿಗೆ ಹೇಳಿಯೇ ಹೋದೆ. ಸರ್ಟಿಫೈಡ್ ಕಾಪಿಯನ್ನು ಓಬಳಮ್ಮನವರ ಕೈಗೇ ಕೊಟ್ಟೆ. ನಡೆದದ್ದೆಲ್ಲ ಹೇಳಿದೆ.

"ನನ್ನೆಸ್ರಲ್ಲಿ ಇನ್ನೊಬ್ಬಳನ್ನ ಕೂರ್ಸಿದ್ರಾ…" ಅಷ್ಟೇ ಅಂದರು. ಕಾಗದವನ್ನು ಮಡಿಸಿ ಎಲೆಅಡಿಕೆ ಸಂಚಿಯೊಳಗಿಟ್ಟು ಸೊಂಟಕ್ಕೆ ಸಿಕ್ಕಿಸಿದರು.

ಅವರ ಅಣ್ಣ ಬಯ್ಯಪ್ಪ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದರು. "ಯಾಕ್ ಬೇಕಿತ್ತು ನಿಮ್ಗೆ? ಇಲ್ಲಿ ಚೆನ್ನಾಗೇ ಇದ್ಲಲ್ಲ." ದಾರಿಯುದ್ದಕ್ಕೂ ಅದೊಂದೇ ಮಾತು.

28-4-61, ಶುಕ್ರವಾರ

ಮನೆಗೆಂದು ಕೊಟ್ಟಿದ್ದ ಮುಂಗಡ ಪಿಳ್ಳಪ್ಪನವರ ಕೈಯಲ್ಲಿ ವಾಪಸು ಬಂತು. ಅದರ ಹಿಂದೆಯೇ ಟ್ರಾನ್ಸ್‌ಫರ್ ಆರ್ಡರು. ಅಲೀಪುರ. ಜೂನ್ ಒಂದಕ್ಕೆ ಹಾಜರಾಗಬೇಕು. ಆಡಳಿತದ ಕಾರಣವಂತೆ. ಇಲ್ಲಿ ಹೆಡ್‌ಮಿಸ್ ಕಣ್ಣು ತಪ್ಪಿಸುತ್ತಾರೆ. ನಲ್ಲಿಯ ಹತ್ತಿರ ಮಾತು – ಒಂಟಿ ಹೆಂಗಸು ಬಸ್ಸು ಹತ್ತಿಕೊಂಡು ಊರೂರು ತಿರುಗುತ್ತಾಳೆ, ಏನು ಕಥೆಯೋ.

ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಬೈಯುತ್ತಾಳೆ ಎಂದು ಕಾದೆ. ಚೀಲದ ಬಾಯಿ ಕಟ್ಟುತ್ತಾ, "ಆ ಹುಡುಗಿಗೆ ಹದಿನಾರೇ ಏನೇ ಆಗ?" ಎಂದಳು.

"ಹದಿನಾರು."

"ಹೋಗ್ಲಿ ಬಿಡು. ಅಲೀಪುರದಲ್ಲೂ ಮನೆಗಳಿರ್ತವೆ."

ನಾನು ಅತ್ತದ್ದು ಆಗ.

7-5-61, ಭಾನುವಾರ. ಮಧ್ಯಾಹ್ನ 3

ಪೇಟೆ ಬೀದಿಯ ಆ ಹಿತ್ತಲಲ್ಲಿ, ಬಾವಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಗಿನ ಬಸ್ಸಿಗೆ ಓಬಳಮ್ಮನವರು ನಮ್ಮ ಮನೆ ಹುಡುಕಿಕೊಂಡು ಬಂದರು. ಒಬ್ಬರೇ. ಒಂದು ತಗಡಿನ ಪೆಟ್ಟಿಗೆ, ಸುತ್ತಿದ ಹಾಸಿಗೆ. ಅಮ್ಮ ಕೊಟ್ಟ ಕಾಫಿ ಕುಡಿದು, "ನಡೀರಮ್ಮ, ಬಿಸ್ಲು ಏರ್ತದೆ" ಎಂದರು. ದಾರಿಯಲ್ಲಿ ಸಿಕ್ಕ ಪಿಳ್ಳಪ್ಪನವರನ್ನು, ಒಳಗೆ ಹೋಗಬಹುದೇ ಎಂದು ಕೇಳಿದೆ. ಸುತ್ತಮುತ್ತ ನೋಡಿ, ಪತ್ರದಲ್ಲಿ ಹಿತ್ತಲ ದಾರಿ ಆಯಮ್ಮನದೇ, ಮುಂದಿನ ಬೀಗ ಮುಟ್ಟಬೇಡಿ ಎಂದರು. ಅವರ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ಕೋಣೆಗೆ ಬೀಗವಿರಲಿಲ್ಲ, ಚಿಲಕ ಮಾತ್ರ. ಸೌದೆಯನ್ನೆಲ್ಲ ಇಬ್ಬರೂ ಹೊರಗೆ ಸಾಗಿಸಿ ಗೋಡೆಗೆ ಒಟ್ಟಿದೆವು. ಒಂದು ಚೇಳು ಬಂತು, ಅವರೇ ಚಪ್ಪಲಿಯಲ್ಲಿ ಹೊಡೆದರು. ಬಾವಿಯಿಂದ ನಾಲ್ಕು ಕೊಡ ನೀರು ಸೇದಿದರು. ಮೊದಲನೆಯದನ್ನು ಕುಡಿದರು. ಈಗ ಒಳಗೆ ಗುಡಿಸುತ್ತಿದ್ದಾರೆ. ಧೂಳು ಬಾಗಿಲಿಂದ ಹೊಗೆಯ ಹಾಗೆ ಬರುತ್ತಿದೆ.

ನೂಲು ತೆಗೆಯುವವರ ಮನೆಯವರು ಗೋಡೆಯ ಮೇಲಿಂದ ಇಣುಕಿ ಹೋದರು. ಸುದ್ದಿ ಸ್ಟೇಷನ್ ಹತ್ತಿರದ ಹೊಸ ಮನೆಗೆ ಮುಟ್ಟಿರುತ್ತದೆ.

ಹಿತ್ತಲ ದಾರಿಯಲ್ಲಿ ಹೆಜ್ಜೆ ಸದ್ದು. ಇಬ್ಬರು ಮೂವರು. ಕೆಮ್ಮು ಚಿಕ್ಕವೆಂಕಟಪ್ಪನವರದು, ನನಗೆ ಗೊತ್ತು. ಓಬಳಮ್ಮನವರಿಗೂ ಕೇಳಿಸಿತು. ಪೊರಕೆ ಕೆಳಗಿಡಲಿಲ್ಲ. ಹೊಸ್ತಿಲಿಗೆ ಬಂದು ನಿಂತರು, ನನಗಿಂತ ಮುಂದೆ.

"ಯಾರಪ್ಪಾ ಅದು," ಎಂದರು, "ನನ್ನ ಬಾಗಿಲಲ್ಲಿ?"