ಉಜ್ಜಿದರೂ ಹೋಗದ ಹಸಿರು

ಪ್ರೀತಿಯ ಊದಪ್ಪ ಮಾವನವರಿಗೆ,

ವಾರಕ್ಕೆರಡು ಪಾತ್ರೆ ಒಡೆದುಕೊಂಡು ನಿಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ ಹುಡುಗಿಯ ನಮಸ್ಕಾರಗಳು. ಆ ಹುಡುಗಿಗೆ ಈಗ ಅರವತ್ತು ತುಂಬಿತು. ತಿಂಗಳ ಕೊನೆಗೆ ನಿವೃತ್ತಿ. ಈ ಮೇಜು ಇನ್ನೊಬ್ಬರ ಪಾಲಾಗುವ ಮೊದಲು ಇದರ ಮುಂದೆ ಕೂತೇ ನಿಮಗೊಂದು ಪತ್ರ ಬರೆಯಬೇಕೆನಿಸಿತು.

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಉರಿಯ ಮುಂದೆ ಕೆನ್ನೆ ಉಬ್ಬಿಸಿ ಗಾಜು ಊದುತ್ತಿದ್ದ ನಿಮಗೆ ಊದಪ್ಪ ಎಂದು ಹೆಸರಿಟ್ಟವರು ಯಾರೋ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮೊದಲ ದಿನ ನನ್ನ ಕೆಲಸವೇನೆಂದು ಕೇಳಿದಿರಿ. ಕರೆಂಟು ಹರಿಯುವ ಪ್ಲಾಸ್ಟಿಕ್ ಮಾಡುತ್ತೇನೆ ಎಂದೆ. ನೀವು ಉರಿ ಸಣ್ಣ ಮಾಡಿ, "ತಂತಿಗೆ ಪ್ಲಾಸ್ಟಿಕ್ ಹೊದಿಸೋದೇ ಶಾಕ್ ಹೊಡೀಬಾರದು ಅಂತ. ನೀವು ಅದೂ ಹೊಡೆಯೋ ಹಾಗೆ ಮಾಡ್ತೀರಾ ತಾಯಿ?" ಅಂದಿರಿ. ಅವತ್ತಿನಿಂದ ನೀವು ಮಾವ, ನಾನು ತಾಯಿ.

ನನ್ನ ಪ್ಲಾಸ್ಟಿಕ್ಕಿಗೆ ಇನ್ನೊಂದು ಗುಣವಿತ್ತು. ಗಾಜಿನ ಮೇಲೆ ತೆಳ್ಳಗೆ ಕೂರಿಸಿ ಕರೆಂಟು ಕೊಟ್ಟರೆ ತಿಳಿಹಳದಿ ಇದ್ದದ್ದು ಹಸಿರಾಗಿ, ಆಮೇಲೆ ಕಡುನೀಲಿಯಾಗುತ್ತಿತ್ತು. ಗುಂಡಿ ಒತ್ತಿದರೆ ನೆರಳು ಕೊಡುವ ಕಿಟಕಿ ಮಾಡಬೇಕೆಂಬುದು ನನ್ನ ಹುಚ್ಚು. ಆದರೆ ಆ ಪದರ ಗಾಜಿಗೆ ಅಂಟಿ ನಿಲ್ಲಬೇಕಲ್ಲ? ಹತ್ತು ಸಲ ಬಣ್ಣ ಬದಲಾಯಿಸುವಷ್ಟರಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಆಮ್ಲ ಬದಲಾಯಿಸಿದೆ, ಬಿಸಿ ಬದಲಾಯಿಸಿದೆ, ಬೈಗುಳವನ್ನೂ ಬದಲಾಯಿಸಿದೆ. ನಾಲ್ಕು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತು. ಕೊನೆಗೆ ನಮ್ಮ ಪ್ರೊಫೆಸರ್ ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಆಗದಿದ್ದರೆ ಈ ಕೆಲಸಕ್ಕೆ ಬೀಗ.

ಗಡುವಿಗೆ ಒಂದು ವಾರವಿದ್ದಾಗ, ಮೆಟ್ಟಿಲೆಂದರೆ ಮೂಗು ಮುರಿಯುವ ನೀವು ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ನನ್ನ ಕೋಣೆಗೆ ಬಂದಿರಿ. ಕೈಯಲ್ಲಿ ಕುತ್ತಿಗೆ ಬಿರುಕು ಬಿಟ್ಟಿದೆಯೆಂದು ನಾನು ರಿಪೇರಿಗೆ ಕೊಟ್ಟಿದ್ದ ಪಾತ್ರೆ. ಒಳಗೆ ಒಂದು ಪಕ್ಕದಲ್ಲಿ ಅಂಗೈಯಗಲ ನನ್ನ ಪ್ಲಾಸ್ಟಿಕ್ಕಿನ ಹಸಿರು.

"ಬೇರೆ ಕಡೆಯದು ನೀರಿಗೇ ಹೋಯ್ತು ತಾಯಿ. ಇಲ್ಲಿ ಮಾತ್ರ ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ತಪ್ಪು ನಂದೇ."

ಹಿಂದಿನ ರಿಪೇರಿಯಲ್ಲಿ ಸಲಾಕೆ ಜಾರಿ ಒಳಗೆ ಗೀರು ಬಿದ್ದಿತ್ತಂತೆ. ಅದು ಕಾಣದಿರಲೆಂದು ಆ ಜಾಗವನ್ನು ನುಣ್ಣನೆಯ ಪುಡಿಯಿಂದ ತೀಡಿ ಹೊಳಪು ಕೊಟ್ಟು, ಹೇಳದೆ ಕೊಟ್ಟುಬಿಟ್ಟಿದ್ದಿರಂತೆ. ಮೂವತ್ತು ವರ್ಷದಲ್ಲಿ ಮುಚ್ಚಿಟ್ಟ ಒಂದೇ ತಪ್ಪು, ಗಂಟಲಲ್ಲಿ ಮುಳ್ಳಾಗಿದೆ ಎಂದಿರಿ. ನಾನು ಉಗುರಿನಿಂದ ಕೆರೆದೆ. ಹಸಿರು ಜಗ್ಗಲಿಲ್ಲ. ಯಾವ ಪುಡಿ ಎಂದು ಕೇಳುವಾಗ ನನ್ನ ದನಿ ನಡುಗಿತು. ನೀವು ಅದನ್ನು ಸಿಟ್ಟೆಂದುಕೊಂಡಿರಿ.

"ಇನ್ನೊಂದು ಸಲ ಹೀಗಾಗಲ್ಲ ತಾಯಿ."

"ಆಗ್ಬೇಕು ಮಾವ. ಈಗಲೇ, ಇನ್ನೂ ಹತ್ತು ಸಲ ಆಗ್ಬೇಕು."

ಅವತ್ತು ಸಂಜೆಯವರೆಗೆ ನೀವು ಹತ್ತು ಗಾಜಿನ ಹಲಗೆ ತೀಡಿದಿರಿ. ಪುಡಿ ಬಿಟ್ಟ, ಕಣ್ಣಿಗೆ ಕಾಣದ ಸಣ್ಣ ಗೀರುಗಳಲ್ಲಿ ನನ್ನ ಪದರ ಬೇರೂರಿ ಕೂತಿತು. ಬಣ್ಣ ನೂರು ಸಲ ಬದಲಾಯಿತು, ಸಾವಿರ ಸಲ ಬದಲಾಯಿತು. ನಾಲ್ಕನೆಯ ದಿನ ಪ್ರೊಫೆಸರ್ ಬಂದು ಅಂಟುಪಟ್ಟಿ ಹಚ್ಚಿ ಎಳೆದರು. ಪಟ್ಟಿ ಬರಿಗೈಲಿ ಎದ್ದು ಬಂತು. ಮತ್ತೆ ಎಳೆದರು. ಮೂರನೆಯ ಸಲ ಕನ್ನಡಕ ತೆಗೆದಿಟ್ಟು, "ಬರ್ತಾ ಇಲ್ವಲ್ಲೇ" ಎಂದು ಮಗುವಿನ ಹಾಗೆ ನಕ್ಕರು. ಪ್ರಬಂಧದಲ್ಲಿ ನನ್ನ ಹೆಸರಿನ ಪಕ್ಕ ನಿಮ್ಮ ನಿಜವಾದ ಹೆಸರನ್ನೂ ಹಾಕೋಣವೆಂದಾಗ ಅವರು ಎರಡು ಮಾತಾಡಲಿಲ್ಲ. ಅಚ್ಚಾಗಿ ಬಂದಾಗ ಅತ್ತೆ ಅದನ್ನು ಹಿಂದೆಮುಂದೆ ತಿರುಗಿಸಿ, ಇಷ್ಟು ಓದಿದವರ ಸಾಲಲ್ಲಿ ನಿಮ್ಮನ್ನು ಕೂರಿಸಿದ್ದಾರೆ, ಇನ್ನಾದರೂ ಅಂಗಿಗೆ ಗುಂಡಿ ಹಾಕಿಕೊಳ್ಳಿ ಎಂದರಂತೆ.

ಮಾವ, ಒಂದು ಮಾತು ನಿಮಗೆ ಇಷ್ಟು ವರ್ಷ ಹೇಳಿರಲಿಲ್ಲ. ಆ ಬೆಳಿಗ್ಗೆ ನನ್ನ ಚೀಲದಲ್ಲಿ ರಾಜೀನಾಮೆ ಇತ್ತು. ಹತ್ತು ಗಂಟೆಗೆ ಪ್ರೊಫೆಸರ್ ಬರುತ್ತಿದ್ದಂತೆ ಕೊಡುವವಳಿದ್ದೆ. ನೀವು ಒಂಬತ್ತೂವರೆಗೆ ಬಂದಿರಿ. ತಪ್ಪನ್ನು ನುಂಗಿಕೊಂಡು ಬೇರೆ ಪಾತ್ರೆ ಊದಿಕೊಡುವುದು ನಿಮಗೆ ಎಷ್ಟು ಸುಲಭವಿತ್ತು! ಆಮೇಲಿನ ನನ್ನ ಮೂವತ್ತು ವರ್ಷದ ಕೆಲಸವೆಲ್ಲ, ಬೆಳಕಿಗೆ ಬಣ್ಣ ಬದಲಿಸುವ ಹಾಳೆಗಳು, ಬೆಳಕು ಸೂಸುವ ಪದರಗಳು, ನನ್ನ ಕೈಕೆಳಗೆ ಕಲಿತ ಹನ್ನೊಂದು ಮಕ್ಕಳು, ಎಲ್ಲ ನಿಮ್ಮ ಆ ಅರ್ಧ ಗಂಟೆಯಲ್ಲಿ ಉಳಿದುಕೊಂಡವು.

ನಿನ್ನೆ ಇಲ್ಲಿನ ಕಣ್ಣಾಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ಎಂಟು ಕಿಟಕಿಗೂ ನಮ್ಮ ಗಾಜು ಹಾಕಿದ್ದಾರೆ. ಅಂದೇ ಪಟ್ಟಿ ಬಿಚ್ಚಿಸಿಕೊಂಡ ಅಜ್ಜಿಯೊಬ್ಬರು ಮೊಮ್ಮಗಳ ಮುಖ ನೋಡಬೇಕೆಂದು ಹಟ ಹಿಡಿದಿದ್ದರು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನರ್ಸ್ ಗುಂಡಿ ಒತ್ತಿದಳು. ಗೋಡೆಯ ಮೇಲಿನ ಬಿಸಿಲು ಮೆಲ್ಲನೆ ನೀಲಿಯಾಯಿತು. ಅಜ್ಜಿ ಕಣ್ಣು ಬಿಟ್ಟರು, ಮೊಮ್ಮಗಳ ಗಲ್ಲ ಹಿಡಿದು ನೋಡಿಯೇ ನೋಡಿದರು. ಆಮೇಲೆ, "ಮೂಗು ನಂದೇ ಬಂದಿದೆ" ಅಂದರು. ಇಡೀ ವಾರ್ಡು ನಕ್ಕಿತು. ನಾನು ಬಾಗಿಲ ಬಳಿ ನಿಂತು ನಗುತ್ತ ಅತ್ತುಬಿಟ್ಟೆ.

ನಿಮ್ಮ ಎಡಗಣ್ಣಿಗೂ ಪೊರೆ ಬಂದಿದೆಯೆಂದು ನಿಮ್ಮ ಮಗಳು ಫೋನಿನಲ್ಲಿ ಹೇಳಿದಳು. ಆಪರೇಷನ್ನಿಗೆ ಹೆದರಿ ಮುಂದೂಡುತ್ತಿದ್ದೀರಂತೆ. ಉರಿಗೆ ಹೆದರದವರು ಸೂಜಿಗೆ ಹೆದರುವುದೇ? ಅತ್ತೆಯನ್ನು ಕರೆದುಕೊಂಡು ಬನ್ನಿ. ಕಿಟಕಿಯ ಪಕ್ಕದ ಮಂಚ ಹೇಳಿಟ್ಟಿದ್ದೇನೆ.

ನಿಮ್ಮ ಕಣ್ಣಿಗೆ, ಕೈಗೆ, ಉಸಿರಿಗೆ ನೂರು ವರ್ಷ ಗಟ್ಟಿ ಇರಲೆಂದು ಹಾರೈಸುವ,
ನೀವು ತಾಯಿ ಎಂದು ಕರೆದ ನಿಮ್ಮ ಮಗಳು