ಲ್ಯಾಪ್‌ಟಾಪಿಗೆ ಮೆಷಿನ್ ಎಣ್ಣೆ ಬೇಡ

ಅವ್ವ,

ನೀನು ನೀರು ತರೋಕೆ ಹೋಗಿದ್ದೀಯ. ಎಂಟರ ಬಸ್ಸು ತಪ್ಪಿದರೆ ನರಸೀಪುರದ ಪರೀಕ್ಷೆಯೂ ತಪ್ಪುತ್ತೆ, ಅದಕ್ಕೇ ಈ ಚೀಟಿ.

ದೇವನೂರಿನ ಮದುವೆ ಮನೆಯವರು ರವಿಕೆ ಡಿಸೈನ್ ನೋಡೋಕೆ ಒಂಬತ್ತಕ್ಕೆ ಬರ್ತಾರೆ. ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಜೋಡಿಸಿ, ಚಿತ್ರ ತೆರೆದಿಟ್ಟು ಹೋಗ್ತಿದ್ದೀನಿ. ಬಲಗಡೆ ಬಾಣದ ಗುರುತು ಒತ್ತಿದರೆ ಮುಂದಿನ ಚಿತ್ರ ಬರುತ್ತೆ. ಎರಡು ಪರದೆ ನಡೆಸುವಾಗ ಅದಕ್ಕೆ ದುಡಿಮೆ ಜಾಸ್ತಿ. ಬಿಸಿಯಾಗುತ್ತೆ, ಒಳಗಿನ ಫ್ಯಾನು ಗುಯ್ ಅನ್ನುತ್ತೆ. ಅನ್ನಲಿ ಬಿಡು. "ನನ್ ಮೆಷಿನ್ನೂ ಇಂಗೇ ಕೂಗ್ತದೆ, ಎಲ್ಡು ತೊಟ್ಟು ಎಣ್ಣೆ ಬಿಟ್ರೆ ಸರೋಯ್ತದೆ" ಅಂತ ನಿನ್ನೆ ಎಣ್ಣೆ ಡಬ್ಬಿ ಹಿಡಿದು ಬಂದೆಯಲ್ಲ, ನನ್ನ ಜೀವವೇ ಹೋಗಿತ್ತು! ಆ ಡಬ್ಬಿಯನ್ನ ಬಚ್ಚಿಟ್ಟಿದ್ದೀನಿ, ಹುಡುಕಬೇಡ.

ಗೀರು ಬೀಳುತ್ತೆ ಅಂತ ಕೆಳಗೆ ದಿಂಬು ಹಾಕಬೇಡ, ಧೂಳು ಅಂತ ಮೇಲೆ ಬಟ್ಟೆ ಹೊದಿಸಬೇಡ. ಗಾಳಿಯಾಡದಿದ್ದರೆ ಅವರ ಎದುರಿಗೇ ಆಫ್ ಆಗುತ್ತೆ. ನಾಲ್ಕು ಮೂಲೆಗೂ ಖಾಲಿ ದಾರದ ರೀಲು ಕೊಟ್ಟು ಎತ್ತರಿಸಿದ್ದೀನಿ, ಹಾಗೇ ಇರಲಿ.

ಇನ್ನೊಂದು ಮಾತು. ಒಟ್ಟು ಹನ್ನೆರಡು ಚಿತ್ರ ಇವೆ. ಕೊನೆಯ ನಾಲ್ಕು ಇಂಟರ್ನೆಟ್ಟಿನವಲ್ಲ, ನಾನೇ ಬರೆದು ಸ್ಕ್ಯಾನ್ ಮಾಡಿಸಿದ್ದು. ಮೂರು ದಿನದಿಂದ ನಿನಗೆ ಹೇಳೋಣ ಅಂದುಕೊಂಡೆ, ಬಾಯೇ ಬರಲಿಲ್ಲ. ಅವರು ಆರಿಸೋ ಮುಂಚೆ "ನಮ್ ಉಡ್ಗಿ ಬರ್ದಿದ್ದು ಕಣವ್ವ" ಅಂತ ಶುರು ಮಾಡಬೇಡ, ದಾಕ್ಷಿಣ್ಯಕ್ಕೆ ಒಪ್ಪಿಬಿಟ್ಟಾರು. ಆರಿಸಿದ ಮೇಲೆ ಬೇಕಾದರೆ ಊರಿಗೆಲ್ಲ ಹೇಳು.

ನನ್ನ ನಾಲ್ಕರಲ್ಲಿ ಒಂದನ್ನೂ ಅವರು ಆರಿಸದಿದ್ದರೆ ನೀನೇ ಒಂದು ಆರಿಸಿಡು, ನನಗೊಂದು ರವಿಕೆ ಹೊಲಿಯೋಕೆ.

ಸುಗುಣ